ಬೆಳೆಯುವ ಕುರಿಮರಿಗೆ ಪ್ರೋಟೀನ್ ಎಷ್ಟು, ಶಕ್ತಿ ಎಷ್ಟು: ಹಿಂಡಿ ಮಾಂಸವಾಗುವ ದಾರಿ

ಮರಿ ಮೈ ತುಂಬುತ್ತಿಲ್ಲ ಅಂದ ಕೂಡಲೇ ಹಳ್ಳಿಯಲ್ಲಿ ಸಿಗುವ ಮೊದಲ ಸಲಹೆ, "ಸ್ವಲ್ಪ ಹಿಂಡಿ ಜಾಸ್ತಿ ಹಾಕು" ಅಂತ. ಕೆಲವು ಸಲ ಅದು ಸರಿ. ಬಹಳ ಸಲ ಅದು ದುಡ್ಡನ್ನು ಗಂಜಲದಲ್ಲಿ ಹರಿಯಬಿಟ್ಟ ಹಾಗೆ. ಶೇಂಗಾ, ಸೋಯಾದಂಥ ಕಾಳಿನ ಎಣ್ಣೆ ತೆಗೆದ ಮೇಲೆ ಉಳಿಯುವುದೇ ಹಿಂಡಿ. ಅದರಿಂದ ಮುಖ್ಯವಾಗಿ ಸಿಗುವುದು ಪ್ರೋಟೀನ್. ಅದು ಮಾಂಸವಾಗಬೇಕಾದರೆ ಅದೇ ಹೊತ್ತಿಗೆ ಮರಿಯ ಹೊಟ್ಟೆಗೆ ಶಕ್ತಿಯೂ ಬೀಳಬೇಕು. ಕಾಳು, ನುಚ್ಚು, ಒಳ್ಳೆ ಹಸಿರು ಮೇವು ಶಕ್ತಿ ಕೊಡುತ್ತವೆ. ಎರಡರಲ್ಲಿ ಒಂದು ಕಮ್ಮಿಯಾದರೂ ಇನ್ನೊಂದು ದಂಡ. ಈ ಬರಹದಲ್ಲಿ ಹೇಳುವುದೆಲ್ಲ ಇದರ ಸುತ್ತಲೇ ಇದೆ.

2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಹೆಚ್ಚಿನವು ಬಯಲಲ್ಲಿ ಮೇಯ್ದೇ ಬೆಳೆಯುತ್ತವೆ. ಆದರೆ ಈಗ ಬನ್ನೂರು, ಕೆಂಗುರಿ, ಯಳಗ, ಡೆಕ್ಕನಿ, ನಾರಿ ಸುವರ್ಣ ತಳಿಯ ಮರಿಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸಿ ಮಾರುವವರು ಜಾಸ್ತಿಯಾಗಿದ್ದಾರೆ. ಮುಖ್ಯವಾಗಿ ಅಂಥವರಿಗಾಗಿ ಇದನ್ನು ಬರೆದಿದ್ದೇನೆ. ಹುಟ್ಟಿದ ದಿನದಿಂದ ಶುರುಮಾಡಿ ಮರಿ 30 ಕೆ.ಜಿ. ಮುಟ್ಟುವವರೆಗಿನ ಲೆಕ್ಕ ಇಲ್ಲಿದೆ.

ಮೊದಲು, ಹೊಟ್ಟೆಯೊಳಗೆ ಏನಾಗುತ್ತದೆ

ಇದನ್ನು ಬಿಟ್ಟು ನೇರವಾಗಿ ಮೇವಿನ ಪಟ್ಟಿಗೆ ಹೋಗಬೇಡಿ. ಒಳಗಿನ ಕೆಲಸ ಅರ್ಥವಾದರೆ, ಮೇವು ಬದಲಾದಾಗ ಪಟ್ಟಿಯನ್ನು ನೀವೇ ಬದಲಾಯಿಸಿಕೊಳ್ಳಬಹುದು.

ಕುರಿ ತಿಂದದ್ದು ಮೊದಲು ಸೇರುವುದು ದೊಡ್ಡ ಹೊಟ್ಟೆಗೆ, ಅಂದರೆ ರೂಮೆನ್‌ಗೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಮೇವನ್ನು ಮೊದಲು ತಿನ್ನುವುದು ಅವು. ಹುಲ್ಲಿನ ನಾರು, ಕಾಳಿನ ಪಿಷ್ಟ ಎರಡನ್ನೂ ಅವು ಹುಳಿಸಿ ಮೂರು ಆಮ್ಲಗಳನ್ನು ಮಾಡುತ್ತವೆ: ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್. ಮರಿಗೆ ಸಿಗುವ ಶಕ್ತಿಯ ದೊಡ್ಡ ಪಾಲು ಇವುಗಳದ್ದೇ. ಮೂರರಲ್ಲಿ ಪ್ರೊಪಿಯೋನೇಟ್ ಮೇಲೆ ಗಮನ ಇರಲಿ. ಕಾಳು ತಿಂದಾಗ ಅದು ಜಾಸ್ತಿ ಬರುತ್ತದೆ, ಲಿವರ್ ಅದನ್ನು ಗ್ಲುಕೋಸ್ ಮಾಡುತ್ತದೆ. ಮರಿ ತಿಂದ ಪಿಷ್ಟ ನೇರವಾಗಿ ಗ್ಲುಕೋಸ್ ಆಗಿ ರಕ್ತಕ್ಕೆ ಹೋಗುವುದು ಬಹಳ ಕಮ್ಮಿ. ಹಾಗಾಗಿ ಬೆಳೆಯುವ ಮರಿಗೆ ಪ್ರೊಪಿಯೋನೇಟ್ ಅಂದರೆ ಪ್ರಾಣ. ಇದನ್ನು ಗ್ಲುಕೋಸ್ ಮಾಡಲು ವಿಟಮಿನ್ ಬಿ12 ಬೇಕು, ಬಿ12 ಮಾಡಲು ಸೂಕ್ಷ್ಮಜೀವಿಗಳಿಗೆ ಕೋಬಾಲ್ಟ್ ಅನ್ನುವ ಖನಿಜ ಬೇಕು. ಚಿಟಿಕೆ ಖನಿಜ ಮಿಶ್ರಣ ಬಿಟ್ಟರೆ ಏನಾದೀತು ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು ಅಂದುಕೊಳ್ಳುತ್ತೇನೆ.

ಈಗ ಪ್ರೋಟೀನ್. ಹಿಂಡಿಯಲ್ಲಿರುವ ಪ್ರೋಟೀನಿನ ಬಹುಪಾಲನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯ ಮಾಡುತ್ತವೆ. ಆ ಅಮೋನಿಯ ಬಳಸಿಕೊಂಡು ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಆಮೇಲೆ ಅವೇ ಮೇವಿನ ಜೊತೆ ಕೆಳಗೆ ಹರಿದು ನಾಲ್ಕನೇ ಹೊಟ್ಟೆಗೆ, ಕರುಳಿಗೆ ಹೋಗಿ ಜೀರ್ಣವಾಗುತ್ತವೆ. ಮರಿಗೆ ಸಿಗುವ ಪ್ರೋಟೀನಿನಲ್ಲಿ ದೊಡ್ಡ ಪಾಲು ಈ ಸೂಕ್ಷ್ಮಜೀವಿಗಳ ಮೈಯೇ. ಒಡೆಯದೆ ಹಾಗೇ ದಾಟಿ ಹೋಗುವ ಪ್ರೋಟೀನ್ ಇನ್ನೊಂದು ಪಾಲು. ಅದಕ್ಕೆ ಬೈಪಾಸ್ ಪ್ರೋಟೀನ್ ಅನ್ನುತ್ತಾರೆ.

ಅಮೋನಿಯ ಹಿಡಿದು ಮೈ ಬೆಳೆಸಲು ಸೂಕ್ಷ್ಮಜೀವಿಗಳಿಗೆ ಶಕ್ತಿ ಬೇಕು, ಅದೂ ಅದೇ ಹೊತ್ತಿಗೆ. ಪಶು ಆಹಾರ ತಜ್ಞರು ಬಳಸುವ ಅಂದಾಜು ಹೀಗಿದೆ: ಮೇವಿನಲ್ಲಿರುವ ಜೀರ್ಣವಾಗುವ ಪೋಷಕಾಂಶಗಳ ಒಟ್ಟು ಮೊತ್ತ, ಅಂದರೆ ಟಿ.ಡಿ.ಎನ್., 1 ಕೆ.ಜಿ. ಇದ್ದರೆ ಸುಮಾರು 130 ಗ್ರಾಂ ಸೂಕ್ಷ್ಮಜೀವಿ ಪ್ರೋಟೀನ್ ತಯಾರಾಗುತ್ತದೆ. ಶಕ್ತಿ ಹೆಚ್ಚಿಸದೆ ಪ್ರೋಟೀನ್ ಮಾತ್ರ ಸುರಿದರೆ ಈ ಮಿತಿ ದಾಟುವುದಿಲ್ಲ. ಉಳಿದ ಅಮೋನಿಯ ರಕ್ತಕ್ಕೆ ಇಳಿಯುತ್ತದೆ. ಅದು ವಿಷ. ಲಿವರ್ ಅದನ್ನು ಯೂರಿಯಾ ಮಾಡಬೇಕು, ಆ ಕೆಲಸಕ್ಕೂ ಮರಿಯ ಶಕ್ತಿಯೇ ಖರ್ಚು. ಯೂರಿಯಾದ ಒಂದು ಪಾಲು ಜೊಲ್ಲಿನ ಮೂಲಕ, ದೊಡ್ಡ ಹೊಟ್ಟೆಯ ಗೋಡೆಯ ಮೂಲಕ ವಾಪಸ್ ಬರುತ್ತದೆ. ಬೇಸಿಗೆಯ ಬಡ ಮೇವಿನಲ್ಲೂ ಕುರಿ ಜೀವ ಹಿಡಿದುಕೊಳ್ಳುವುದು ಈ ವಾಪಸಾತಿಯಿಂದ. ಆದರೆ ಹಿಂಡಿ ಮಿತಿ ಮೀರಿದಾಗ ಬಹುಪಾಲು ಗಂಜಲಕ್ಕೇ ಹೋಗುತ್ತದೆ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಕಣ್ಣು ಉರಿಯುವ ವಾಸನೆ ಬಂದರೆ ಎರಡು ಕಾರಣ ಇರಬಹುದು. ಒಂದು, ನೆಲ ಒದ್ದೆ, ಗಾಳಿ ಸಾಲದು. ಇನ್ನೊಂದು, ನೀವು ಹಾಕಿದ ಹಿಂಡಿಯೇ ಹಾಗೆ ಆವಿಯಾಗುತ್ತಿದೆ.

ಇದರ ಉಲ್ಟಾ ಸ್ಥಿತಿಯೂ ಇದೆ. ಬರೀ ಜೋಳದ ಸೊಪ್ಪೆ, ರಾಗಿ ಹುಲ್ಲು ಹಾಕಿದರೆ ಹೊಟ್ಟೆ ತುಂಬುತ್ತದೆ. ಹುಲ್ಲಿನ ನಾರಿನಲ್ಲಿ ಶಕ್ತಿ ಬೇಕಾದಷ್ಟಿದೆ. ಆದರೆ ಒಟ್ಟು ಮೇವಿನಲ್ಲಿ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳೇ ಉಪವಾಸ ಬೀಳುತ್ತವೆ. ನಾರು ಒಡೆಯುವುದು ನಿಧಾನವಾಗುತ್ತದೆ, ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ, ಮರಿ ತಿನ್ನುವುದೇ ಕಮ್ಮಿ ಮಾಡುತ್ತದೆ. ಜೋತುಬಿದ್ದ ಹೊಟ್ಟೆ, ಚೂಪಾದ ಬೆನ್ನೆಲುಬು. ಬೇಸಿಗೆಯಲ್ಲಿ ಇಂಥ ಮರಿಗಳನ್ನು ಎಲ್ಲರೂ ನೋಡಿರುತ್ತೀರಿ, ಅಲ್ವಾ? ಇಂಥ ಮರಿಗೆ ಹಿಡಿ ಹಿಂಡಿ ಹಾಕಿದರೆ ಪವಾಡದ ಹಾಗೆ ಬದಲಾವಣೆ ಕಾಣುತ್ತದೆ. "ಹಿಂಡಿ ಹಾಕು" ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಈ ಸ್ಥಿತಿಗೆ ಅದು ನೂರಕ್ಕೆ ನೂರು ಸರಿ.

ಎರಡೂ ಕಮ್ಮಿಯಾದರೆ ಮರಿ ತನ್ನ ಮಾಂಸವನ್ನೇ ತಿನ್ನಲು ಶುರುಮಾಡುತ್ತದೆ. ಮಾಂಸಖಂಡ ಕರಗಿಸಿ ಅಮೈನೋ ಆಮ್ಲ ತೆಗೆದು ಲಿವರ್ ಅದರಿಂದ ಗ್ಲುಕೋಸ್ ಮಾಡುತ್ತದೆ. ಅಮೈನೋ ಆಮ್ಲದಲ್ಲಿದ್ದ ಸಾರಜನಕ ಮತ್ತೆ ಯೂರಿಯಾ ಆಗುತ್ತದೆ. ಹೀಗಾಗಿ ರಕ್ತ ಪರೀಕ್ಷೆಯಲ್ಲಿ ಯೂರಿಯಾ ಜಾಸ್ತಿ ಬಂದ ಮಾತ್ರಕ್ಕೆ ಪ್ರೋಟೀನ್ ಜಾಸ್ತಿ ತಿಂದಿದೆ ಅಂತಲ್ಲ. ಉಪವಾಸ ಇದ್ದ ಮರಿಯಲ್ಲೂ ಅದು ಏರುತ್ತದೆ. ಇಂಥ ಹೊತ್ತಲ್ಲಿ ಬೆಳವಣಿಗೆ ಹಾರ್ಮೋನ್ ರಕ್ತದಲ್ಲಿ ಜಾಸ್ತಿಯೇ ಇರುತ್ತದೆ. ಆದರೆ ಅದರ ಮಾತು ಕೇಳಿ ಲಿವರ್ ಬಿಡುಗಡೆ ಮಾಡಬೇಕಾದ ಐ.ಜಿ.ಎಫ್.-1 ಅನ್ನುವ ಹಾರ್ಮೋನ್ ಇಳಿದಿರುತ್ತದೆ. ಶಕ್ತಿ, ಪ್ರೋಟೀನ್ ಎರಡೂ ಸಾಕಷ್ಟು ಸಿಕ್ಕಾಗ ಇನ್ಸುಲಿನ್ ಮತ್ತು ಐ.ಜಿ.ಎಫ್.-1 ಏರುತ್ತವೆ. ಆಗ ಮಾಂಸ ಕಟ್ಟುವ ವೇಗ ಕರಗುವ ವೇಗವನ್ನು ಮೀರುತ್ತದೆ. ಬೆಳವಣಿಗೆ ಅಂದರೆ ಇದೇ.

ಇನ್ನು ಹೊಟ್ಟೆ, ಕರುಳು, ಲಿವರ್ ವಿಚಾರ. ಇವು ಮೈತೂಕದಲ್ಲಿ ಸಣ್ಣ ಪಾಲು. ಆದರೂ ಮರಿ ಬಳಸುವ ಆಮ್ಲಜನಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇವಕ್ಕೇ ಬೇಕು. ಮೇವು ಕಮ್ಮಿಯಾದಾಗ ಇವೂ ಕುಗ್ಗುತ್ತವೆ, ಜೊತೆಗೆ ಮರಿಯ ದಿನನಿತ್ಯದ ಖರ್ಚೂ ಇಳಿಯುತ್ತದೆ. ಬೇಸಿಗೆಯಲ್ಲಿ ಸೊರಗಿದ ಮರಿ ಮಳೆಗಾಲದ ಹಸಿರಿಗೆ ದಡದಡನೆ ಬೆಳೆಯುವುದಕ್ಕೆ ಇದೂ ಒಂದು ಕಾರಣ. ಬಾಗಲಕೋಟೆ ಜಿಲ್ಲೆಯ ಅಮೀನಗಡದಂಥ ಕುರಿ ಸಂತೆಯಲ್ಲಿ ಅನುಭವಸ್ಥರು ತೆಳ್ಳಗಿರುವ, ಆದರೆ ಕಣ್ಣು ಚುರುಕಾಗಿರುವ ಮರಿಯನ್ನು ಆರಿಸುವುದು ಸುಮ್ನೆ ಅಲ್ಲ.

ಹಂತ 1: ಹಾಲಿನ ದಿನಗಳು

ಹುಟ್ಟಿದ ಮರಿಯಲ್ಲಿ ದೊಡ್ಡ ಹೊಟ್ಟೆ ಇನ್ನೂ ಕೆಲಸ ಶುರುಮಾಡಿರುವುದಿಲ್ಲ. ಹಾಲು ಚೀಪಿದಾಗ ಅನ್ನನಾಳದ ಕೊನೆಯಲ್ಲಿರುವ ಒಂದು ಕಾಲುವೆ ಮುಚ್ಚಿಕೊಂಡು ಹಾಲನ್ನು ನೇರವಾಗಿ ನಾಲ್ಕನೇ ಹೊಟ್ಟೆಗೆ ಇಳಿಸುತ್ತದೆ. ಪ್ರೋಟೀನ್, ಕೊಬ್ಬು ಎರಡೂ ಸೋರದೆ ಸಿಗುತ್ತವೆ. ಕುರಿ ಹಾಲಿನಲ್ಲಿ ಹಸುವಿನ ಹಾಲಿಗಿಂತ ಎರಡೂ ಜಾಸ್ತಿ. ಮರಿ ಇಡೀ ಬದುಕಿನಲ್ಲಿ ತಿಂದದ್ದನ್ನು ಇಷ್ಟು ಚೆನ್ನಾಗಿ ಮೈಗೂಡಿಸಿಕೊಳ್ಳುವ ಕಾಲ ಇನ್ನೊಂದಿಲ್ಲ.

ಗಿಣ್ಣು ಹಾಲನ್ನು ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಿ. ಮೊದಲ 24 ಗಂಟೆಯಲ್ಲಿ ಮೈತೂಕದ ಹತ್ತನೇ ಒಂದರಷ್ಟು ಹೋಗಬೇಕು. ಹುಟ್ಟಿದಾಗ 2.5 ಕೆ.ಜಿ. ಇರುವ ಮರಿಗೆ 250 ಮಿ.ಲೀ. ನಾರಿ ಸುವರ್ಣದಂಥ ತಳಿಯಲ್ಲಿ ಅವಳಿ ಮರಿ ಸಾಮಾನ್ಯ. ಎರಡರಲ್ಲಿ ಸಣ್ಣದು ಯಾವಾಗಲೂ ಹಿಂದೆ ಬೀಳುತ್ತದೆ, ಅದನ್ನು ಹಿಡಿದು ಮೊಲೆಗೆ ಹಚ್ಚಿ.

ಎರಡನೇ ವಾರದಿಂದ ಮರಿಗಳು ಮಾತ್ರ ನುಸುಳುವಂತೆ ಒಂದು ಸಣ್ಣ ಬೇಲಿ ಮಾಡಿ, ಒಳಗೆ ಶೇ. 18ರಿಂದ 20 ಪ್ರೋಟೀನ್ ಇರುವ ಮೆತ್ತನೆಯ ದಾಣಿ, ಅಂದರೆ ಕಾಳು, ಹಿಂಡಿ, ಬೂಸಾ ಬೆರೆಸಿದ ಮಿಶ್ರಣ ಇಡಿ. ಪಕ್ಕದಲ್ಲಿ ಕುದುರೆಮೆಂತೆ ಅಥವಾ ಬೇಲಿಮೆಂತೆಯ ಎಳೆ ಕಟ್ಟು ತೂಗುಹಾಕಿ. ಮೊದಲು ಮೂಸಿ ಬಿಡುತ್ತವೆ, ಚೆಲ್ಲುತ್ತವೆ. ಪರವಾಗಿಲ್ಲ. ಕಾಳು ಹುಳಿತಾಗ ಬರುವ ಬ್ಯುಟಿರೇಟ್ ದೊಡ್ಡ ಹೊಟ್ಟೆಯ ಒಳಗೋಡೆಯ ಗುಂಜುಗಳನ್ನು ಬೆಳೆಸುತ್ತದೆ, ಹುಲ್ಲು ಆ ಚೀಲದ ಗಾತ್ರ ಹಿಗ್ಗಿಸುತ್ತದೆ. ಎರಡೂ ಬೇಕು. ಆರರಿಂದ ಎಂಟು ವಾರಕ್ಕೆ ಹೊಟ್ಟೆ ಕೆಲಸಕ್ಕೆ ತಯಾರಾಗುತ್ತದೆ. ಮೂರು ತಿಂಗಳಿಗೆ ಹಾಲು ಬಿಡಿಸಿದಾಗ ಮರಿ ಬಡವಾಗುತ್ತದೆ ಅನ್ನುವವರು ಬಹುತೇಕ ಈ ದಾಣಿಯನ್ನು ಬಿಟ್ಟವರೇ.

ಹತ್ತಿಕಾಳು ಹಿಂಡಿಯನ್ನು ಈ ವಯಸ್ಸಿಗೆ ಕೊಡಬೇಡಿ. ಅದರಲ್ಲಿರುವ ಗಾಸಿಪಾಲ್ ಎಳೆ ಮರಿಗೆ ವಿಷ. ದೊಡ್ಡ ಹೊಟ್ಟೆ ಬೆಳೆದ ಮೇಲೆ ಅದರ ತೊಂದರೆ ಕಮ್ಮಿ.

ಹಂತ 2: ತೂಕ ಹಾಕಿ, ಹುಳ ತೆಗೆಯಿರಿ

ತೂಗದೆ ಮಾಡುವ ಮೇವಿನ ಲೆಕ್ಕ ಬರೀ ಊಹೆ. ಒಂದು ನೇತುಹಾಕುವ ತಕ್ಕಡಿ, ಒಂದು ಗೋಣಿಚೀಲದ ಜೋಳಿಗೆ ಸಾಕು. ಬೆಳಗ್ಗೆ ಮೇವಿಗೆ ಮುಂಚೆ, 15 ದಿನಕ್ಕೊಮ್ಮೆ, ಅದೇ ಹೊತ್ತಿಗೆ ತೂಗಿ. ಹೊಟ್ಟೆ ತುಂಬಿದಾಗ ತೂಗಿದರೆ ಒಂದೆರಡು ಕಿಲೋ ಮೇವು ನೀರನ್ನೇ ತೂಗಿದಂತೆ.

ರಕ್ತ ಹೀರುವ ಹೊಟ್ಟೆಹುಳು ಇದ್ದರೆ ಮರಿ ಪ್ರೋಟೀನನ್ನು ಕರುಳಿನೊಳಗೇ ಕಳೆದುಕೊಳ್ಳುತ್ತದೆ. ಕೆಳರೆಪ್ಪೆ ಎಳೆದು ನೋಡಿ. ಕೆಂಪಾಗಿದ್ದರೆ ಸರಿ, ಬಿಳುಚಿದ್ದರೆ ಹುಳು ಇರಬಹುದು. ಹಿಕ್ಕೆ ಪರೀಕ್ಷೆ ಮಾಡಿಸಿ ಪಶುವೈದ್ಯರು ಹೇಳಿದ ಔಷಧಿಯನ್ನು ತೂಕಕ್ಕೆ ತಕ್ಕಂತೆ ಕೊಡಿ.

ಹಂತ 3: ಎಷ್ಟು ಬೇಕು ಅನ್ನುವುದನ್ನು ಬರೆದುಕೊಳ್ಳಿ

ಬೆಳೆಯುವ ಮರಿ ದಿನಕ್ಕೆ ತನ್ನ ತೂಕದ ಶೇ. 4ರಷ್ಟು ಒಣ ಪದಾರ್ಥ ತಿನ್ನುತ್ತದೆ. ಒಣ ಪದಾರ್ಥ ಅಂದರೆ ನೀರು ಕಳೆದು ಉಳಿದದ್ದು. ಹಸಿರು ಮೇವಿನಲ್ಲಿ ಶೇ. 20 ಮಾತ್ರ ಒಣ ಪದಾರ್ಥ, ಹೊಟ್ಟು-ದಾಣಿಯಲ್ಲಿ ಶೇ. 90. ಐದು ಕಿಲೋ ಹಸಿರು ಹಾಕಿದೆ ಅಂದರೆ ಒಂದು ಕಿಲೋ ಹಾಕಿದೆ ಅಂತ ಲೆಕ್ಕ.

10ರಿಂದ 20 ಕೆ.ಜಿ. ಮರಿಗೆ ಒಟ್ಟು ಮೇವಿನ ಒಣ ಪದಾರ್ಥದಲ್ಲಿ ಪ್ರೋಟೀನ್ ಸುಮಾರು ಶೇ. 16 ಇರಲಿ. 20 ದಾಟಿದ ಮೇಲೆ ಶೇ. 14, ಮಾರುವ ಮುಂಚಿನ ಕೊಬ್ಬಿಸುವ ಕಾಲಕ್ಕೆ ಶೇ. 12ರಿಂದ 13 ಸಾಕು. ಟಿ.ಡಿ.ಎನ್. ಶೇ. 63ರಿಂದ 70. ವಯಸ್ಸಾದಂತೆ ಪ್ರೋಟೀನಿನ ಪಾಲು ಇಳಿಯುತ್ತದೆ, ಶಕ್ತಿಯ ಪಾಲು ಇಳಿಯುವುದಿಲ್ಲ. ಎಳೆ ಮರಿ ಕಟ್ಟುವುದು ಎಲುಬು ಮತ್ತು ಮಾಂಸ. ದೊಡ್ಡದಾದಂತೆ ಕೊಬ್ಬಿನ ಪಾಲು ಹೆಚ್ಚುತ್ತದೆ.

ಇಲ್ಲಿ ನಾನು ಎಲ್ಲರ ಜೊತೆ ವಾದ ಮಾಡುವ ವಿಷಯ ಒಂದಿದೆ. 15 ಕೆ.ಜಿ. ಮರಿ ಒಂದು ಗ್ರಾಂ ಕೂಡ ಬೆಳೆಯದೆ ಸುಮ್ಮನೆ ಬದುಕಿರಲು ದಿನಕ್ಕೆ ಸುಮಾರು 200 ಗ್ರಾಂ ಟಿ.ಡಿ.ಎನ್. ಬೇಕು. ದಿನಕ್ಕೆ 100 ಗ್ರಾಂ ಬೆಳೆಯುವ ಮರಿ 10 ಕೆ.ಜಿ. ಏರಲು 100 ದಿನ ತೆಗೆದುಕೊಳ್ಳುತ್ತದೆ. 50 ಗ್ರಾಂ ಬೆಳೆಯುವ ಮರಿಗೆ 200 ದಿನ. ಹೆಚ್ಚುವರಿ 100 ದಿನಕ್ಕೆ ಕಮ್ಮಿಯೆಂದರೂ 20 ಕೆ.ಜಿ. ಟಿ.ಡಿ.ಎನ್. ಬರೀ ಉಸಿರಾಡಲು ಖರ್ಚು. ಕಮ್ಮಿ ಮೇವು ಹಾಕಿ ಉಳಿಸಿದೆ ಅನ್ನುವವರು ಈ ಲೆಕ್ಕ ಒಮ್ಮೆ ಮಾಡಬೇಕು. ಕೊಟ್ಟಿಗೆಯಲ್ಲಿ ಮೇಯಿಸುವುದಾದರೆ ಸರಿಯಾಗಿ ಮೇಯಿಸಿ, ಇಲ್ಲವಾದರೆ ಬಯಲಿಗೆ ಬಿಡಿ. ಎರಡರ ನಡುವೆ ಲಾಭ ಇಲ್ಲ.

ಹಂತ 4: ಕೈಯಲ್ಲಿರುವ ಮೇವನ್ನು ವಿಂಗಡಿಸಿ

ಶಕ್ತಿಗೆ: ಮೆಕ್ಕೆಜೋಳ (ಪ್ರೋಟೀನ್ ಶೇ. 9), ಜೋಳ (ಶೇ. 10), ರಾಗಿ, ಸಜ್ಜೆ, ಅಕ್ಕಿ ನುಚ್ಚು. ಬಳ್ಳಾರಿ ಜಾಲಿಯ ಹಣ್ಣಾದ ಕಾಯಿಯಲ್ಲಿ ಸಕ್ಕರೆ ಚೆನ್ನಾಗಿದೆ, ಬಯಲುಸೀಮೆಯಲ್ಲಿ ಬಿಟ್ಟಿ ಸಿಗುತ್ತದೆ. ಒಣಗಿಸಿ ಪುಡಿ ಮಾಡಿ ಹಾಕಿದರೆ ಬೀಜದೊಳಗಿನ ಪ್ರೋಟೀನೂ ಸಿಗುತ್ತದೆ, ಹಿಕ್ಕೆಯಲ್ಲಿ ಬೀಜ ಹೋಗಿ ಹೊಲದಲ್ಲಿ ಮುಳ್ಳು ಹುಟ್ಟುವುದೂ ತಪ್ಪುತ್ತದೆ.

ಪ್ರೋಟೀನಿಗೆ: ಶೇಂಗಾ ಹಿಂಡಿ (ಶೇ. 40ರ ಮೇಲೆ), ಸೋಯಾ ಹಿಂಡಿ (ಶೇ. 45), ಸೂರ್ಯಕಾಂತಿ ಹಿಂಡಿ (ಶೇ. 28-30), ಸಿಪ್ಪೆ ತೆಗೆಯದ ಹತ್ತಿಕಾಳು ಹಿಂಡಿ (ಶೇ. 22). ಹಸಿರಿನಲ್ಲಿ ಕುದುರೆಮೆಂತೆ, ಬೇಲಿಮೆಂತೆ, ಅಗಸೆ ಮರದ ಸೊಪ್ಪು, ಸುಬಾಬುಲ್ ಸೊಪ್ಪು. ಸುಬಾಬುಲ್ ಒಟ್ಟು ಮೇವಿನ ಮೂರನೇ ಒಂದು ಪಾಲನ್ನು ದಾಟಬಾರದು, ದಾಟಿದರೆ ಅದರಲ್ಲಿರುವ ಮಿಮೋಸಿನ್‌ನಿಂದ ಉಣ್ಣೆ ಉದುರುತ್ತದೆ.

ಎರಡರ ಮಧ್ಯೆ: ಗೋಧಿ ಬೂಸಾ, ತೊಗರಿ ಚುನ್ನಿ ಅಂದರೆ ಬೇಳೆ ಮಾಡುವಾಗ ಉಳಿಯುವ ಸಿಪ್ಪೆ-ನುಚ್ಚು (ಎರಡೂ ಸುಮಾರು ಶೇ. 15-16).

ಹೊಟ್ಟೆ ತುಂಬಲು: ಶೇಂಗಾ ಹೊಟ್ಟು (ಒಣ ಬಳ್ಳಿ, ಶೇ. 10), ತೊಗರಿ ಹೊಟ್ಟು, ಕಡಲೆ ಹೊಟ್ಟು, ಜೋಳದ ಸೊಪ್ಪೆ, ರಾಗಿ ಹುಲ್ಲು (ಕೊನೆಯ ಎರಡೂ ಶೇ. 3-4).

ಪ್ರೋಟೀನ್ ಎಷ್ಟಿದೆ ಅನ್ನುವುದರ ಜೊತೆ ಅದು ಎಷ್ಟು ಬೇಗ ಒಡೆಯುತ್ತದೆ ಅನ್ನುವುದನ್ನೂ ನೋಡಬೇಕು. ಶೇಂಗಾ, ಸೂರ್ಯಕಾಂತಿ ಹಿಂಡಿ ದೊಡ್ಡ ಹೊಟ್ಟೆಯಲ್ಲಿ ಬೇಗ ಒಡೆಯುತ್ತವೆ. ಹತ್ತಿಕಾಳು ಹಿಂಡಿ, ಕೊಬ್ಬರಿ ಹಿಂಡಿಯಲ್ಲಿ ಬೈಪಾಸ್ ಪಾಲು ಜಾಸ್ತಿ. ಜಾಲಿ ಸೊಪ್ಪು, ಹಲಸಿನ ಸೊಪ್ಪಿನಂಥ ಮರದ ಎಲೆಗಳಲ್ಲಿ ಒಗರು ಅಂಶ, ಅಂದರೆ ಟ್ಯಾನಿನ್ ಇದೆ. ಹಿತಮಿತವಾಗಿದ್ದರೆ ಅದು ಪ್ರೋಟೀನನ್ನು ಕಟ್ಟಿ ಹಿಡಿದು ಕೆಳಗಿನ ಕರುಳಿಗೆ ದಾಟಿಸುತ್ತದೆ. ಜಾಸ್ತಿಯಾದರೆ ಜೀರ್ಣವನ್ನೇ ಕೆಡಿಸುತ್ತದೆ. 20 ಕೆ.ಜಿ. ಒಳಗಿನ, ಚುರುಕಾಗಿ ಬೆಳೆಯುವ ಮರಿಗೆ ಸೂಕ್ಷ್ಮಜೀವಿ ಪ್ರೋಟೀನ್ ಮಾತ್ರ ಸಾಲುವುದಿಲ್ಲ, ಸ್ವಲ್ಪ ಬೈಪಾಸ್ ಬೇಕೇ ಬೇಕು.

ಹಿಂಡಿ ಕೊಳ್ಳುವಾಗ ಕೆ.ಜಿ. ಬೆಲೆ ನೋಡಬೇಡಿ, ಪ್ರೋಟೀನಿನ ಬೆಲೆ ನೋಡಿ. ಉದಾಹರಣೆಗೆ ಶೇ. 42 ಪ್ರೋಟೀನ್ ಇರುವ ಹಿಂಡಿ 45 ರೂಪಾಯಿ ಅಂದುಕೊಳ್ಳಿ. 45ನ್ನು 0.42ರಿಂದ ಭಾಗಿಸಿ, ಪ್ರೋಟೀನ್ ಕೆ.ಜಿ.ಗೆ 107 ರೂಪಾಯಿ ಬೀಳುತ್ತದೆ. ಶೇ. 22 ಇರುವ ಹಿಂಡಿ 35 ರೂಪಾಯಿ ಅಂದರೆ 159 ರೂಪಾಯಿ. ಅಗ್ಗದ್ದು ಯಾವುದು ಅಂತ ಈಗ ಹೇಳಿ.

ಶೇಂಗಾ ಹಿಂಡಿ ಮುರಿದು ಮೂಸಿ ನೋಡದೆ ಕೊಳ್ಳಬೇಡಿ. ಬೂಷ್ಟು ಹಿಡಿದದ್ದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಲಿವರನ್ನೇ ಹಾಳುಮಾಡುತ್ತದೆ. ಮೇಲೆ ಹೇಳಿದ ಗ್ಲುಕೋಸ್, ಯೂರಿಯಾ, ಐ.ಜಿ.ಎಫ್.-1 ಎಲ್ಲ ಕೆಲಸವೂ ಆ ಲಿವರಿನದ್ದೇ.

ಹಂತ 5: ದಾಣಿ ಕಲಸುವುದು

10ರಿಂದ 20 ಕೆ.ಜಿ. ಮರಿಗೆ, 100 ಕೆ.ಜಿ. ಲೆಕ್ಕದಲ್ಲಿ: ಮೆಕ್ಕೆಜೋಳದ ನುಚ್ಚು 45, ಗೋಧಿ ಬೂಸಾ 22, ಶೇಂಗಾ ಹಿಂಡಿ 20, ತೊಗರಿ ಚುನ್ನಿ 10, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನ್ ಕೂಡಿಸಿ ನೋಡೋಣ: ಮೆಕ್ಕೆಜೋಳದಿಂದ 4.05, ಬೂಸಾದಿಂದ 3.3, ಹಿಂಡಿಯಿಂದ 8.4, ಚುನ್ನಿಯಿಂದ 1.6. ಒಟ್ಟು ಸುಮಾರು ಶೇ. 17.

ಬೈಪಾಸ್ ಹೆಚ್ಚಿಸಬೇಕಾದರೆ ಶೇಂಗಾ ಹಿಂಡಿ 10ಕ್ಕೆ ಇಳಿಸಿ, ಹತ್ತಿಕಾಳು ಹಿಂಡಿ 18 ಹಾಕಿ, ಬೂಸಾ 14ಕ್ಕೆ ತನ್ನಿ. ಪ್ರೋಟೀನ್ ಶೇ. 16ಕ್ಕೆ ಬರುತ್ತದೆ, ಆದರೆ ಹೆಚ್ಚು ಪಾಲು ಕರುಳು ಮುಟ್ಟುತ್ತದೆ.

20 ಕೆ.ಜಿ. ದಾಟಿದ ಮೇಲೆ: ಮೆಕ್ಕೆಜೋಳ 60, ಬೂಸಾ 20, ಶೇಂಗಾ ಹಿಂಡಿ 10, ಚುನ್ನಿ 7, ಖನಿಜ 2, ಉಪ್ಪು 1. ಪ್ರೋಟೀನ್ ಶೇ. 13ರಿಂದ 14.

ಕಾಳನ್ನು ಹಿಟ್ಟು ಮಾಡಬೇಡಿ, ನುಚ್ಚು ಮಾಡಿ. ನುಣ್ಣಗಿನ ಹಿಟ್ಟು ಹೊಟ್ಟೆಯಲ್ಲಿ ಥಟ್ಟನೆ ಹುಳಿಯುತ್ತದೆ. ಖನಿಜ ಮಿಶ್ರಣವನ್ನು ಮೊದಲು ಬೂಸಾ ಜೊತೆ ಬೆರೆಸಿ, ಆಮೇಲೆ ಉಳಿದದ್ದಕ್ಕೆ. ಇಲ್ಲದಿದ್ದರೆ ಅದು ಚೀಲದ ತಳ ಸೇರುತ್ತದೆ.

ಕೋಳಿ, ಹಂದಿ ಫೀಡನ್ನು ಕುರಿಗೆ ಹಾಕಲೇಬೇಡಿ. ಅದರಲ್ಲಿರುವ ತಾಮ್ರದ ಪ್ರಮಾಣ ಕುರಿಗೆ ವಿಷವಾಗಬಹುದು. ಕುರಿಯ ಲಿವರ್ ತಾಮ್ರವನ್ನು ಕೂಡಿಟ್ಟುಕೊಳ್ಳುತ್ತದೆ, ಸುಲಭವಾಗಿ ಹೊರಹಾಕುವುದಿಲ್ಲ. ಮರಿಗಳ ದಾಣಿಗೆ ಯೂರಿಯಾ ಬೆರೆಸುವುದೂ ಬೇಡ.

ಹಂತ 6: ಒಂದು ದಿನದ ಲೆಕ್ಕ

15 ಕೆ.ಜಿ. ಮರಿ ತೆಗೆದುಕೊಳ್ಳೋಣ. ಒಣ ಪದಾರ್ಥ 600 ಗ್ರಾಂ ಬೇಕು.

ಮೊದಲ ದಾಣಿ 300 ಗ್ರಾಂ: ಒಣ ಪದಾರ್ಥ 270, ಪ್ರೋಟೀನ್ 52 ಗ್ರಾಂ.
ಹಸಿ ಕುದುರೆಮೆಂತೆ 600 ಗ್ರಾಂ: ಒಣ ಪದಾರ್ಥ 120, ಪ್ರೋಟೀನ್ 23 ಗ್ರಾಂ.
ಶೇಂಗಾ ಹೊಟ್ಟು 230 ಗ್ರಾಂ: ಒಣ ಪದಾರ್ಥ 207, ಪ್ರೋಟೀನ್ 21 ಗ್ರಾಂ.

ಒಟ್ಟು ಒಣ ಪದಾರ್ಥ 597 ಗ್ರಾಂ, ಪ್ರೋಟೀನ್ 96 ಗ್ರಾಂ. ಅಂದರೆ ಶೇ. 16. ಟಿ.ಡಿ.ಎನ್. ಸುಮಾರು 380 ಗ್ರಾಂ. ಆರೋಗ್ಯವಾಗಿರುವ ಮರಿ ಇದಕ್ಕೆ ದಿನಕ್ಕೆ 100 ಗ್ರಾಂ ಆಸುಪಾಸು ಬೆಳೆಯಬೇಕು.

ಈಗ ಒಳಗೆ ಇಣುಕಿ. 380 ಗ್ರಾಂ ಟಿ.ಡಿ.ಎನ್.ನಿಂದ ಸೂಕ್ಷ್ಮಜೀವಿಗಳು ಮಾಡಬಲ್ಲ ಪ್ರೋಟೀನ್ ಸುಮಾರು 50 ಗ್ರಾಂ. 96ರಲ್ಲಿ ಹೆಚ್ಚುಕಮ್ಮಿ 65 ಗ್ರಾಂ ದೊಡ್ಡ ಹೊಟ್ಟೆಯಲ್ಲೇ ಒಡೆದಿರುತ್ತದೆ. ಅಂದರೆ ಅವಕ್ಕೆ ಬೇಕಾದಷ್ಟು ಆಗಲೇ ಸಿಕ್ಕಿದೆ. ಇದರ ಮೇಲೆ ಇನ್ನೂ 50 ಗ್ರಾಂ ಶೇಂಗಾ ಹಿಂಡಿ ಹಾಕಿದರೆ 21 ಗ್ರಾಂ ಪ್ರೋಟೀನ್ ಸೇರುತ್ತದೆ, 15 ಗ್ರಾಂ ಒಡೆಯುತ್ತದೆ. ಹಿಂಡಿಯ ಜೊತೆ ಬಂದ ಶಕ್ತಿಯಿಂದ ನಾಲ್ಕೈದು ಗ್ರಾಂ ಹಿಡಿದಿಟ್ಟುಕೊಳ್ಳಬಹುದು. ಉಳಿದದ್ದು ಲಿವರಿಗೆ ಕೆಲಸ. ಅದೇ 50 ಗ್ರಾಂ ಮೆಕ್ಕೆಜೋಳ ಹಾಕಿದ್ದರೆ ಹೆಚ್ಚುವರಿ ಅಮೋನಿಯವನ್ನು ಹಿಡಿಯಲು ಶಕ್ತಿ ಸಿಗುತ್ತಿತ್ತು. ಹಿಂಡಿಗಿಂತ ಅಗ್ಗವೂ ಹೌದು.

ಜೋಳದ ಸೊಪ್ಪೆ ಮಾತ್ರ ಇರುವ ಮನೆಯಲ್ಲಿ ಈ ಮಾತು ತಿರುಗುಮುರುಗು. ಶೇಂಗಾ ಹೊಟ್ಟಿನ ಬದಲು ಸೊಪ್ಪೆ, ಕುದುರೆಮೆಂತೆಯ ಬದಲು ನೇಪಿಯರ್ ಹುಲ್ಲು ಹಾಕಿದರೆ ಒಟ್ಟು ಪ್ರೋಟೀನ್ ಸುಮಾರು 70 ಗ್ರಾಂಗೆ, ಅಂದರೆ ಶೇ. 12ಕ್ಕೆ ಕುಸಿಯುತ್ತದೆ. ಅಲ್ಲಿ ಹಿಂಡಿ ಹೆಚ್ಚಿಸಲೇಬೇಕು.

ದಾಣಿಯನ್ನು ಎರಡು ಸಲ ಹಂಚಿ ಕೊಡಿ. ಮೊದಲು ಸ್ವಲ್ಪ ಹೊಟ್ಟು, ಆಮೇಲೆ ದಾಣಿ, ಕೊನೆಗೆ ಹಸಿರು. ಬೆಳಗ್ಗೆ ಬರೀ ಹಿಂಡಿ, ಸಂಜೆ ಬರೀ ಕಾಳು ಅನ್ನುವ ಪದ್ಧತಿ ಬೇಡ. ಅಮೋನಿಯ ಒಂದು ಹೊತ್ತಿಗೆ, ಶಕ್ತಿ ಇನ್ನೊಂದು ಹೊತ್ತಿಗೆ ಬಂದರೆ ಪೂರ್ತಿ ಲಾಭ ಸಿಗುವುದಿಲ್ಲ. ಏಪ್ರಿಲ್-ಮೇ ಬಿಸಿಲಿಗೆ ಮರಿ ತಿನ್ನುವುದು ಕಮ್ಮಿ ಮಾಡುತ್ತದೆ. ಆಗ ದೊಡ್ಡ ಪಾಲನ್ನು ನಸುಕಿಗೆ ಮತ್ತು ಸಂಜೆ ತಂಪಿಗೆ ಹಾಕಿ. ನೀರು ಯಾವಾಗಲೂ ಮುಂದೆ ಇರಲಿ.

ಹಂತ 7: ನಿಧಾನವಾಗಿ ಏರಿಸಿ

ಸಂತೆಯಿಂದ ತಂದ ಮರಿಗೆ ಮೊದಲ ದಿನವೇ 300 ಗ್ರಾಂ ದಾಣಿ ಹಾಕಿದರೆ ಸಾವು ಕರೆದಂತೆ. ಹುಲ್ಲಿಗೆ ಒಗ್ಗಿದ ಸೂಕ್ಷ್ಮಜೀವಿಗಳು ಕಾಳಿಗೆ ಒಗ್ಗಲು ಎರಡರಿಂದ ಮೂರು ವಾರ ಬೇಕು. ಅಷ್ಟರೊಳಗೆ ಕಾಳು ಜಾಸ್ತಿಯಾದರೆ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಹುಳಿ ಏರುತ್ತದೆ. ಮದುವೆ ಮನೆಯ ಉಳಿದ ಅನ್ನ ತಿಂದು ಕುರಿ ಸಾಯುವುದೂ ಹೀಗೇ. ಮೆಲುಕು ನಿಲ್ಲುತ್ತದೆ, ಮರಿ ಮಂಕಾಗುತ್ತದೆ, ಹುಳಿ ವಾಸನೆಯ ಭೇದಿ ಶುರುವಾಗುತ್ತದೆ. ಇದನ್ನು ಕಂಡ ಕೂಡಲೇ ದಾಣಿ ನಿಲ್ಲಿಸಿ, ಒಣ ಹುಲ್ಲು ಮಾತ್ರ ಇಟ್ಟು, ಪಶುವೈದ್ಯರನ್ನು ಕರೆಯಿರಿ.

50 ಗ್ರಾಂನಿಂದ ಶುರುಮಾಡಿ. ಮೂರು ನಾಲ್ಕು ದಿನಕ್ಕೊಮ್ಮೆ 50 ಗ್ರಾಂ ಏರಿಸಿ. ಹಿಕ್ಕೆ ಗಟ್ಟಿ ಗುಂಡಾಗಿದ್ದರೆ ಮುಂದಕ್ಕೆ, ಮೆತ್ತಗಾದರೆ ಅಲ್ಲೇ ನಿಲ್ಲಿ.

ಕರುಳುಬೇನೆ, ಅಂದರೆ ಇ.ಟಿ. ಲಸಿಕೆಯನ್ನು ದಾಣಿ ಏರಿಸುವ ಮುಂಚೆಯೇ ಹಾಕಿಸಿ. ಎರಡು ಮೂರು ವಾರಕ್ಕೆ ಬೂಸ್ಟರ್ ಕೊಡಿಸಿ. ಪಿಷ್ಟ ಜಾಸ್ತಿಯಾಗಿ ಕರುಳಿಗೆ ಹರಿದಾಗ ಅಲ್ಲಿರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ವಿಷ ಉಗುಳುತ್ತದೆ. ಸಾಯುವುದು ಹಿಂಡಿನಲ್ಲಿ ಚೆನ್ನಾಗಿ ತಿನ್ನುವ, ದಷ್ಟಪುಷ್ಟ ಮರಿಯೇ. ರಾತ್ರಿ ಚೆನ್ನಾಗಿತ್ತು, ಬೆಳಗ್ಗೆ ಸತ್ತಿತ್ತು ಅಂತ ಜನ ದೃಷ್ಟಿ ತೆಗೆಸುತ್ತಾರೆ. ಇದನ್ನು ತಡೆಯುವುದು ಲಸಿಕೆ.

ಹಂತ 8: ಮರಿಯನ್ನೇ ಓದಿ

ಪುಸ್ತಕದ ಲೆಕ್ಕ ಎಷ್ಟೇ ಸರಿ ಇದ್ದರೂ ಕೊನೆಗೆ ಮರಿ ಹೇಳಿದ್ದೇ ಸತ್ಯ. ಸೊಂಟದ ಮೇಲೆ, ಕೊನೆಯ ಪಕ್ಕೆಲುಬಿನ ಹಿಂದೆ ಬೆರಳಿಟ್ಟು ಒತ್ತಿ. ಬೆನ್ನುಮೂಳೆಯ ತುದಿ ಚುಚ್ಚಿದಂತಿದ್ದು ಪಕ್ಕದ ಮಾಂಸ ಕುಳಿಬಿದ್ದಿದ್ದರೆ ಮಾಂಸ ಕರಗುತ್ತಿದೆ. ಪಕ್ಕದ ಮಾಂಸ ಉಬ್ಬಿ ಮೂಳೆ ಲಘುವಾಗಿ ತಾಗಿದರೆ ಸರಿಯಾಗಿ ಬೆಳೆಯುತ್ತಿದೆ. ಮೂಳೆಯೇ ಸಿಗದಷ್ಟು ಮೆತ್ತಗಿದ್ದರೆ ಕೊಬ್ಬು ಕೂರುತ್ತಿದೆ.

ತೂಕ ಏರುತ್ತಿಲ್ಲ, ಹಿಕ್ಕೆ ಗಟ್ಟಿ ಮತ್ತು ಒರಟು, ಹೊಟ್ಟೆ ಜೋತಿದೆ: ಪ್ರೋಟೀನ್ ಕಮ್ಮಿ. ತೂಕ ಏರುತ್ತಿಲ್ಲ, ಹಿಕ್ಕೆ ಮೆತ್ತಗೆ, ಗಂಜಲದ ವಾಸನೆ ಖಾರ: ಪ್ರೋಟೀನಿದೆ, ಶಕ್ತಿ ಇಲ್ಲ. ಎರಡೂ ಸರಿ ಇದ್ದೂ ಬೆಳೆಯುತ್ತಿಲ್ಲ ಅಂದರೆ ಹುಳು, ಖನಿಜ ಅಥವಾ ಕಾಯಿಲೆ.

ಗಂಡು ಮರಿಗಳಲ್ಲಿ ಇನ್ನೊಂದು ಕಡೆ ಗಮನ ಬೇಕು. ಬೂಸಾ, ಕಾಳುಗಳಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಮ್ಮಿ. ಹೀಗೇ ಮುಂದುವರಿದರೆ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಮರಿ ತಿಣುಕುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಮೂತ್ರದ ಜಾಗದ ಕೂದಲಿಗೆ ಮರಳಿನಂಥ ಕಣ ಅಂಟಿರುತ್ತದೆ. ಸುಣ್ಣದಂಶ ರಂಜಕದ ಎರಡು ಪಟ್ಟು ಇರುವಂತೆ ನೋಡಿಕೊಳ್ಳಿ. ಕುದುರೆಮೆಂತೆ ಇಲ್ಲದ ಮನೆಯಲ್ಲಿ 100 ಕೆ.ಜಿ. ದಾಣಿಗೆ 1 ಕೆ.ಜಿ. ಮೇವಿನ ದರ್ಜೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿ. ಉಪ್ಪು ಬಿಡಬೇಡಿ. ಉಪ್ಪು ನೀರು ಕುಡಿಸುತ್ತದೆ, ನೀರು ನಾಳ ತೊಳೆಯುತ್ತದೆ.

ಹಂತ 9: ಯಾವಾಗ ನಿಲ್ಲಿಸಬೇಕು

ಒಂದು ಕೆ.ಜಿ. ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರು. ಒಂದು ಕೆ.ಜಿ. ಕೊಬ್ಬಿನಲ್ಲಿ ನೀರು ತೀರಾ ಕಮ್ಮಿ. ಹಾಗಾಗಿ ಒಂದು ಕೆ.ಜಿ. ಕೊಬ್ಬಿನಲ್ಲಿ ಅಷ್ಟೇ ಮಾಂಸಖಂಡದ ಆರೇಳು ಪಟ್ಟು ಶಕ್ತಿ ಅಡಗಿರುತ್ತದೆ. ಅದೆಲ್ಲ ನಿಮ್ಮ ಮೇವಿನಿಂದಲೇ ಬಂದದ್ದು. ಎಳೆಯದರಲ್ಲಿ ಆರೇಳು ಕಿಲೋ ಒಣ ಪದಾರ್ಥಕ್ಕೆ ಒಂದು ಕಿಲೋ ಬೆಳೆಯುತ್ತಿದ್ದ ಮರಿ, ಕೊಬ್ಬು ಕೂರಲು ಶುರುವಾದ ಮೇಲೆ ಅಷ್ಟೇ ಬೆಳವಣಿಗೆಗೆ ಇನ್ನೂ ಜಾಸ್ತಿ ತಿನ್ನುತ್ತದೆ.

15 ದಿನದ ತೂಕದ ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ 15 ದಿನ ತಿನ್ನಿಸಿದ ಮೇವಿನ ಖರ್ಚನ್ನು ಏರಿದ ತೂಕದಿಂದ ಭಾಗಿಸಿ. ಬಂದ ಮೊತ್ತ ಸಂತೆಯಲ್ಲಿ ಜೀವಂತ ತೂಕಕ್ಕೆ ಸಿಗುವ ಕಿಲೋ ಬೆಲೆಯ ಹತ್ತಿರ ಬಂದಾಗ ಮಾರಿಬಿಡಿ. ನಮ್ಮ ನಾಟಿ ತಳಿಗಳಲ್ಲಿ ಇದು ಹೆಚ್ಚಾಗಿ 25ರಿಂದ 30 ಕೆ.ಜಿ. ನಡುವೆ ಬರುತ್ತದೆ. ಬಕ್ರೀದ್‌ಗೆ ಇಟ್ಟುಕೊಂಡ ಟಗರಿನ ಲೆಕ್ಕ ಬೇರೆ. ಅಲ್ಲಿ ಕೊಳ್ಳುವವರು ಹಲ್ಲು, ಕೊಂಬು, ಮೈಕಟ್ಟು ನೋಡುತ್ತಾರೆ, ಬೆಲೆ ತೂಕವನ್ನು ಮೀರಿ ಹೋಗುತ್ತದೆ. ಆದರೂ ಕೊನೆಯ ಎರಡು ತಿಂಗಳು ಅದಕ್ಕೆ ಶೇ. 17ರ ದಾಣಿ ಹಾಕುವ ಅಗತ್ಯ ಇಲ್ಲ, 20 ಕೆ.ಜಿ. ದಾಟಿದ ಮರಿಗೆ ಹೇಳಿದ ಮಿಶ್ರಣವೇ ಸಾಕು.

ಮಾರುವ ಮುಂಚೆ ಕೊನೆಯ ಜಂತುನಾಶಕ ಯಾವ ತಾರೀಕಿಗೆ ಹಾಕಿದ್ದು ಅಂತ ಪುಸ್ತಕದಲ್ಲಿ ನೋಡಿ. ಔಷಧಿ ಕೊಟ್ಟ ಮೇಲೆ ಮಾಂಸಕ್ಕೆ ಎಷ್ಟು ದಿನ ಕಾಯಬೇಕು ಅನ್ನುವುದು ಅದರ ಲೇಬಲ್ ಮೇಲೆ ಇರುತ್ತದೆ. ಅಷ್ಟು ದಿನ ಕಳೆದ ಮೇಲೆಯೇ ಮರಿಯನ್ನು ಸಂತೆಗೆ ಹೊಡೆಯಿರಿ.